ಊರಲ್ಲೇ ಒಂದು ಕಲಾವಿದರ ಬಳಗ ಕಟ್ಟುವುದು ಹೇಗೆ?

ಬಳಗ ಕಟ್ಟೋಣ ಅಂದ ತಕ್ಷಣ ಹೆಸರು ಏನಿಡೋಣ, ಲೋಗೋ ಯಾರು ಮಾಡ್ತಾರೆ, ಉದ್ಘಾಟನೆಗೆ ಯಾರನ್ನು ಕರೆಯೋಣ ಅಂತ ಶುರುವಾಗುತ್ತದೆ. ಅದೆಲ್ಲ ಆಮೇಲೆ. ಮೊದಲು ದುಡ್ಡಿನ ಮಾತು ಮುಗಿಸಿ. ತಿಂಗಳಿಗೆ ಎಷ್ಟು ಹಾಕಬೇಕು, ಚಿತ್ರ ಮಾರಿದರೆ ಬಳಗಕ್ಕೆ ಎಷ್ಟು ಪಾಲು, ಯಾರಾದರೂ ಬಿಟ್ಟು ಹೋದರೆ ಅವರು ಹಾಕಿದ್ದೇನಾಗುತ್ತದೆ? ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಗೆಳೆಯರ ನಡುವೆ ಸಹಿ ಯಾಕೆ ಅನ್ನುವವರು ಇದ್ದೇ ಇರುತ್ತಾರೆ. ಮೊದಲ ಚಿತ್ರ ಮಾರಾಟವಾಗಲಿ, ಗೊತ್ತಾಗುತ್ತದೆ.

ಚಿತ್ರ ಮಾರಿಯೇ ಬಳಗ ನಡೆಸುತ್ತೇವೆ ಅನ್ನೋದನ್ನು ನಂಬಿ ಕೂರಬೇಡಿ. 1966ರಲ್ಲಿ ಚಿತ್ರಕಲಾವಿದ ಕೆ.ಸಿ.ಎಸ್. ಪಣಿಕ್ಕರ್ ಮುಂದಾಳತ್ವದಲ್ಲಿ ಮದ್ರಾಸಿನ ಹತ್ತಿರ ಚೋಳಮಂಡಲ ಅನ್ನುವ ಕಲಾವಿದರ ಹಳ್ಳಿ ಶುರುವಾಯಿತಲ್ಲ, ಆ ಕಲಾವಿದರು ಜಾಗಕ್ಕೆ ಹಣ ಹೊಂದಿಸಿದ್ದು ಬಾಟಿಕ್ (ಮೇಣ ಹಚ್ಚಿ ಬಣ್ಣ ಹಾಕಿದ) ಬಟ್ಟೆಯಂಥ ಕರಕುಶಲ ವಸ್ತುಗಳನ್ನು ಮಾರಿ. ನೀವೂ ಕಾರ್ಡು, ಕ್ಯಾಲೆಂಡರು, ಮಕ್ಕಳಿಗೆ ಭಾನುವಾರದ ಕ್ಲಾಸು, ಹೀಗೆ ಏನಾದರೂ ಒಂದು ಇಟ್ಟುಕೊಳ್ಳಿ.

ನೋಂದಣಿಗೆ ಅವಸರ ಬೇಡ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ 7 ಜನ ಬೇಕು. ಆಮೇಲೆ ವರ್ಷ ವರ್ಷ ಲೆಕ್ಕಪತ್ರ ಸಲ್ಲಿಸುವ ಕೆಲಸ ಬೇರೆ. ಒಂದೆರಡು ಪ್ರದರ್ಶನ ಆಗಲಿ, ಅಷ್ಟೊತ್ತಿಗೆ ನಿಜವಾಗಿ ಕೆಲಸ ಮಾಡುವವರು ಯಾರು ಅಂತಲೂ ಗೊತ್ತಾಗಿರುತ್ತದೆ.

ಪ್ರದರ್ಶನಕ್ಕೆ ದೊಡ್ಡ ಗ್ಯಾಲರಿಯೇ ಆಗಬೇಕಿಲ್ಲ. ಗ್ರಂಥಾಲಯದ ಹಾಲು, ಶಾಲೆಯ ಜಗಲಿ, ಪರಿಚಯದವರ ಹೋಟೆಲಿನ ಗೋಡೆ, ಯಾವುದಾದರೂ ಸರಿ. ವರ್ಷಕ್ಕೊಮ್ಮೆ ಚಿತ್ರ ಮಾರುವ ಬೆಂಗಳೂರಿನ ಚಿತ್ರಸಂತೆ ನಡೆಯುವುದೂ ಕುಮಾರಕೃಪಾ ರಸ್ತೆಯ ಮೇಲೇ ಅಲ್ವಾ? ಗೋಡೆಗೆ ಮೊಳೆ ಹೊಡೆಯಬಹುದಾ ಅಂತ ಮೊದಲೇ ಕೇಳಿ. ಬೇಡ ಅಂದರೆ ಮೇಲಿನ ಸರಳಿನಿಂದ ನೈಲಾನ್ ದಾರ ಇಳಿಬಿಡಿ. ಒಂದೇ ದಾರಕ್ಕೆ ಕಟ್ಟಿದರೆ ಫ್ಯಾನ್ ಹಾಕಿದ ಕೂಡಲೇ ಚಿತ್ರ ತಿರುಗುತ್ತದೆ, ಹಾಗಾಗಿ ಫ್ರೇಮಿನ ಎರಡೂ ತುದಿಗೆ ಒಂದೊಂದು ದಾರ ಬೇಕು. ಚಿತ್ರದ ನಡುಭಾಗ ನೆಲದಿಂದ ಸುಮಾರು 5 ಅಡಿಗೆ ಬರಲಿ. ಪಕ್ಕದ ಚೀಟಿಯಲ್ಲಿ ಹೆಸರು, ಮಾಧ್ಯಮ, ಅಳತೆ, ಬೆಲೆ. ಬೆಲೆ ಬರೆಯಲು ನಾಚಿಕೆ ಬೇಡ, ಬೆಲೆ ಕೇಳಲು ನಾಚಿಕೊಂಡು ಸುಮ್ನೆ ಹೋಗಿಬಿಡುವವರೇ ಜಾಸ್ತಿ.

ಆನ್‌ಲೈನ್‌ಗೆ ಹಾಕುವ ಫೋಟೋವನ್ನು ಬೆಳಗಿನ ಹೊತ್ತು ನೆರಳಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಕಲಾವಿದರ ಹೆಸರಿಲ್ಲದೆ ಯಾವುದನ್ನೂ ಹಾಕಬೇಡಿ. ಚಿತ್ರ ಮಾರಿದ ಮಾತ್ರಕ್ಕೆ ಕಾಪಿರೈಟ್ ಕೊಂಡವರದಾಗುವುದಿಲ್ಲ. ಆದರೆ ಯಾರೋ ದುಡ್ಡು ಕೊಟ್ಟು ಹೇಳಿ ಬರೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಕಾಪಿರೈಟ್ ಬರೆಸಿದವರದ್ದೇ. ಅಂಥ ಕೆಲಸ ಒಪ್ಪಿಕೊಳ್ಳುವಾಗಲೇ, ಬಳಗದ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಕೊಳ್ಳುತ್ತೇವೆ ಅಂತ ಬರೆಸಿಕೊಳ್ಳಿ.