ಫ್ರಾನ್ಸಿನ ಕಂದಕಗಳಿಂದ ಬಂದ ಕಾಗದಗಳನ್ನು ಕನ್ನಡಕ್ಕೆ ತಂದ ಬಗೆ

ಬೆಂಗಳೂರಿನ ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆ ಪಡೆ) ಸ್ಮಾರಕದ ಮುಂದೆ ಹಲವು ವರ್ಷ ಓಡಾಡಿದ ಮೇಲೆ, 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಕಾದಾಡಿದ ಆ ಸವಾರರು ತಮ್ಮ ಮನೆಗಳಿಗೆ ಏನು ಬರೆದಿದ್ದಿರಬಹುದು ಎಂದು ಹುಡುಕಲು ಹೊರಟೆ. ಅವರ ಕಾಗದ ಒಂದೂ ನನ್ನ ಕೈಗೆ ಬರಲಿಲ್ಲ. ಸಿಕ್ಕಿದ್ದು ಅದೇ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಪಂಜಾಬಿ, ಪಠಾಣ, ಗಢವಾಲಿ ಸಿಪಾಯಿಗಳ ಕಾಗದಗಳು. ಅವುಗಳಲ್ಲಿ ನಲವತ್ತನ್ನು ಎರಡು ವರ್ಷಗಳಲ್ಲಿ ಕನ್ನಡಕ್ಕೆ ತಂದೆ.

ಇವರು ಯಾರೂ ಕಡ್ಡಾಯಕ್ಕೆ ಸೇನೆ ಸೇರಿದವರಲ್ಲ. ತಿಂಗಳಿಗೆ 11 ರೂಪಾಯಿ ಸಂಬಳಕ್ಕೂ ಮನೆತನದ ಮರ್ಯಾದೆಗೂ ಹೆಸರು ಬರೆಸಿದವರು. 1914ರ ಸೆಪ್ಟೆಂಬರ್ ಕೊನೆಯಲ್ಲಿ ಮಾರ್ಸೇ ಬಂದರಿನಲ್ಲಿ ಇಳಿದ ಮೇಲೆ ಅವರು ಬರೆದದ್ದೆಲ್ಲ ಬೂಲೋನ್ ಪಟ್ಟಣದ ಸೆನ್ಸಾರ್ ಕಚೇರಿಯ ಮೂಲಕ ಹಾಯಬೇಕಾಗಿತ್ತು. ಅದರ ಮುಖ್ಯಸ್ಥ ಕ್ಯಾಪ್ಟನ್ ಹೋವೆಲ್ ಅವರ ಸಿಬ್ಬಂದಿ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ವರದಿಗೆ ಲಗತ್ತಿಸುತ್ತಿದ್ದರು. ಆ ಬೆರಳಚ್ಚಿನ ಹಾಳೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಮೂಲ ಕಾಗದಗಳು ಬಹುಪಾಲು ಉಳಿದಿಲ್ಲ. ಎಂದರೆ, ಅಕ್ಷರ ಬಾರದ ಸಿಪಾಯಿ ಪಂಜಾಬಿಯಲ್ಲಿ ಹೇಳಿದ್ದನ್ನು ಮತ್ತೊಬ್ಬ ಉರ್ದುವಿನಲ್ಲಿ ಬರೆದು, ಅದನ್ನು ಸೆನ್ಸಾರಿನವರು ಇಂಗ್ಲಿಷಿನಲ್ಲಿ ಮೊಟಕು ಮಾಡಿದ ಮೇಲೆ, ನಾಲ್ಕನೆಯ ಕೈ ನನ್ನದು.

ಆರಂಭದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಇಂಗ್ಲಿಷ್ ಹಾಳೆಗಳಲ್ಲಿ ಕಾಗದಗಳು ನಡುವಿನಿಂದಲೇ ಶುರುವಾಗುತ್ತವೆ. ಕುಶಲ, ನಮಸ್ಕಾರಗಳನ್ನು ಸೆನ್ಸಾರಿನವರು ಕತ್ತರಿಸಿದ್ದರು. ಆ ಬೋಳುತನ ನನಗೆ ಸಹಿಸದೆ, ನಮ್ಮ ಹಳೆಯ ಪತ್ರಗಳ ಕ್ರಮದಂತೆ ‘ತೀರ್ಥರೂಪು ತಂದೆಯವರ ಪಾದಾರವಿಂದಗಳಿಗೆ’ ಎಂದು ಮೊದಲ ಹನ್ನೆರಡು ಕಾಗದಗಳಿಗೆ ತಲೆ ಕಟ್ಟಿದೆ. ಓದಲು ಸೊಗಸಾಗಿತ್ತು. ಆದರೆ ಸತ್ತ ಮನುಷ್ಯನ ಬಾಯಲ್ಲಿ ನನ್ನ ಮಾತು ಇಟ್ಟಂತಾಯಿತೆಂದು ಮನಸ್ಸು ಕೊರೆಯತೊಡಗಿ, ಹನ್ನೆರಡನ್ನೂ ತೆಗೆದೆ. ಕತ್ತರಿಸಿದ ಜಾಗ ಕತ್ತರಿಸಿದಂತೆಯೇ ಕಾಣಬೇಕು.

ಇರುವ ಇಂಗ್ಲಿಷ್ ಪದದ ಕೆಳಗೆ ಸಿಪಾಯಿಯ ಪದವನ್ನು ಹುಡುಕುವುದು ಬೇರೆ ಕೆಲಸ, ಅದನ್ನು ನಾನು ಬಿಡಲಿಲ್ಲ. ಒಬ್ಬ ಸಿಪಾಯಿ, ಮರ ಹತ್ತಿ ಅಲುಗಿಸಿದರೆ ಹಣ್ಣು ಉದುರಿ ರಾಶಿ ಬೀಳುವಂತೆ ಇಲ್ಲಿ ಜನ ಬಿದ್ದಿದ್ದಾರೆ ಎಂದು ಬರೆಯುತ್ತಾನೆ. ಇಂಗ್ಲಿಷಿನಲ್ಲಿ ಅದು ‘ಪ್ಲಮ್’. ಪಂಜಾಬಿನ ಹಳ್ಳಿಯವನ ಕಣ್ಣಿನಲ್ಲಿದ್ದದ್ದು ‘ಬೇರ್’ ಮರವೇ ಇರಬೇಕು ಎಂದು ನಿರ್ಧರಿಸಿ ‘ಬೋರೆ ಹಣ್ಣು’ ಎಂದೆ; ಬೋರೆ ಮರ ಅಲುಗಿಸಿ ಕೆಳಗೆ ಆಯ್ದವರಿಗೆ ಆ ಸಾಲು ಎಷ್ಟು ಭಯಂಕರ ಎಂದು ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಆಸ್ಪತ್ರೆಯಿಂದ 1915ರ ಜನವರಿಯಲ್ಲಿ ಬರೆದ ಗಾಯಾಳು ರಜಪೂತನೊಬ್ಬ, ಇದು ಯುದ್ಧವಲ್ಲ, ಲೋಕದ ಕೊನೆ ಎನ್ನುತ್ತಾನೆ. ಮುಂದಿನ ಸಾಲಿನಲ್ಲೇ ಮಹಾಭಾರತವನ್ನು ನೆನೆಯುವುದರಿಂದ ಅಲ್ಲಿ ‘ಪ್ರಳಯ’ ಎಂದು ಬರೆಯಲು ನನಗೆ ಧೈರ್ಯ ಬಂತು. ಸರ್ಕಾರದ ಉಪ್ಪಿನ ಮಾತು ಬಂದಲ್ಲೆಲ್ಲ ‘ಉಪ್ಪಿನ ಋಣ’ ತಾನಾಗಿಯೇ ಬಂದು ಕುಳಿತಿತು.

ಹೆಚ್ಚು ದಿನ ಕಾಡಿದ್ದು ಮೆಣಸಿನ ಕಾಗದ. ಸೆನ್ಸಾರಿನ ಕಣ್ಣು ತಪ್ಪಿಸಲು ಸಿಪಾಯಿಗಳು ಹಿಂದೂಸ್ತಾನದ ಪಡೆಯನ್ನು ಕಪ್ಪು ಮೆಣಸೆಂದೂ ಬಿಳಿಯರ ಪಡೆಯನ್ನು ಕೆಂಪು ಮೆಣಸೆಂದೂ ಕರೆದು, ಕಪ್ಪು ಮುಗಿಯುತ್ತ ಬಂದಿದೆ ಎಂದು ತಿಳಿಸುತ್ತಿದ್ದರು. ಹಿಂದಿ, ಉರ್ದುವಿನಲ್ಲಿ ಎರಡೂ ‘ಮಿರ್ಚ್’. ನಮ್ಮ ಅಡುಗೆಮನೆಯಲ್ಲಿ ಒಂದು ಕಾಳುಮೆಣಸು, ಇನ್ನೊಂದು ಮೆಣಸಿನಕಾಯಿ. ಹಾಗೆ ಬರೆದರೆ ಬಣ್ಣವೇ ಮಾಯವಾಗಿ ಗುಟ್ಟೂ ಹೋಗುತ್ತದೆ. ಕೊನೆಗೆ ‘ಕರಿಮೆಣಸು’, ‘ಕೆಂಪುಮೆಣಸು’ ಎಂದು ಬರೆದು, ಕೆಳಗೆ ಉದ್ದನೆಯ ಟಿಪ್ಪಣಿ ಹಾಕಿದೆ.

ಈ ಕಾಗದಗಳು ಊರಿನಲ್ಲಿ ಯಾರೋ ಗಟ್ಟಿಯಾಗಿ ಓದಿ ಹತ್ತು ಜನ ಕೇಳುವಂಥವು. ಆದ್ದರಿಂದ ಪ್ರತಿ ಕರಡನ್ನೂ ನಮ್ಮ ದೊಡ್ಡಮ್ಮನಿಗೆ ಓದಿ ಹೇಳುತ್ತಿದ್ದೆ. ಅವರಿಗೆ ಓದು ಬಾರದು; ಸೇನೆಯಲ್ಲಿದ್ದ ಮಗನ ಕಾಗದಗಳನ್ನು ಒಂದು ಕಾಲಕ್ಕೆ ಪೋಸ್ಟ್‌ಮ್ಯಾನ್ ಬಾಯಿಂದಲೇ ಕೇಳಿದವರು. ಮೆಣಸಿನ ಕಾಗದವನ್ನು ಟಿಪ್ಪಣಿಯಿಲ್ಲದೆ ಓದಿದೆ. ಅವರು ಬಿಡಿಸುತ್ತಿದ್ದ ಅವರೆಕಾಯಿ ಕೈಯಲ್ಲೇ ನಿಂತಿತು. “ಮೆಣಸಿನ ಮಾತಲ್ಲ ಕಣೋ ಅದು. ಜನ ಸಾಯ್ತಿದಾರೆ ಅಂತ ಹೇಳ್ತಾವ್ನೆ,” ಎಂದರು. ಅಂದು ಸಂಜೆ ಟಿಪ್ಪಣಿಯನ್ನು ತೆಗೆದುಹಾಕಿದೆ.