ಮೊದಲು ಹೆಸರು, ಆಮೇಲೆ ಸಾಮಾನು

ಪ್ರವಾಹ ಪರಿಹಾರ ಶಿಬಿರಕ್ಕೆ ಮೊದಲ ಸಲ ಸ್ವಯಂಸೇವಕನಾಗಿ ಹೋದಾಗ ಮೂಟೆ ಹೊರುವ ಕೆಲಸ ಸಿಗುತ್ತದೆ ಅಂದುಕೊಂಡಿದ್ದೆ. ಸಿಕ್ಕಿದ್ದು ಒಂದು ನೋಟ್‌ಬುಕ್, ಎರಡು ಪೆನ್ನು. ಶಿಬಿರ ನೋಡಿಕೊಳ್ಳುತ್ತಿದ್ದ ಹಿರಿಯರು, "ಮೊದಲು ಹೆಸರು ಬರ್ಕೋ, ಸಾಮಾನು ಆಮೇಲೆ" ಅಂದರು. ನನಗೆ ಬೇಜಾರಾಯಿತು. ಜನ ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಕೂತಿದ್ದಾರೆ, ನಾನು ಬರೆಯುತ್ತಾ ಕೂರಬೇಕಾ?

ಮಾರನೇ ದಿನವೇ ಅವರ ಮಾತು ಅರ್ಥವಾಯಿತು. ಹೊದಿಕೆ ತುಂಬಿದ ಲಾರಿ ಬಂದಾಗ ಪಟ್ಟಿ ಅರ್ಧವೂ ಆಗಿರಲಿಲ್ಲ. ಜನ ಕಾಯುತ್ತಿದ್ದಾರಲ್ಲ ಅಂತ ಹಾಗೇ ಹಂಚಿಬಿಟ್ಟೆವು. ಇಪ್ಪತ್ತು ನಿಮಿಷದಲ್ಲಿ ಲಾರಿ ಖಾಲಿ. ಗಟ್ಟಿಮುಟ್ಟಾದವರ ಕೈಯಲ್ಲಿ ಮೂರು ಮೂರು ಹೊದಿಕೆ. ನಡೆಯಲಾಗದ ಅಜ್ಜಿಯೊಬ್ಬರು ಒಳಕೋಣೆಯಲ್ಲಿ ಬರೀ ನೆಲದ ಮೇಲೆ ಮಲಗಿದ್ದರು. ಲಾರಿ ಬಂದದ್ದೇ ಅವರಿಗೆ ಗೊತ್ತಿರಲಿಲ್ಲ.

ಪಟ್ಟಿ ಮುಗಿಸಿದ ಮೇಲೂ ಸರಿಹೋಗಲಿಲ್ಲ. ನಾನು ಮನೆ ಯಜಮಾನನ ಹೆಸರು ಬರೆದು, ಪಕ್ಕದಲ್ಲಿ ಎಷ್ಟು ಜನ ಅಂತ ಹಾಕಿದ್ದೆ. ಗಂಡ ಎಲ್ಲಿದ್ದಾರೆ ಅಂತಲೇ ತಿಳಿಯದ ಹೆಂಗಸೊಬ್ಬರು ಎರಡು ಮಕ್ಕಳ ಸಮೇತ ಮೈದುನನ ಹೆಸರಿನ ಕೆಳಗೆ ಸೇರಿಹೋಗಿದ್ದರು. ಕಿಟ್ ಎಲ್ಲಾ ಮೈದುನನ ಕೈಗೇ ಹೋಗುತ್ತಿತ್ತು. ಮೂರು ದಿನ ಅವರು ಏನೂ ಹೇಳಲಿಲ್ಲ. ನಾಲ್ಕನೇ ದಿನ ಮೆಲ್ಲಗೆ ಬಂದು, "ಅಣ್ಣಾ, ನನ್ನ ಹೆಸರೂ ಬರ್ಕೊಳ್ತೀರಾ?" ಅಂತ ಕೇಳಿದರು.

ಅವತ್ತು ರಾತ್ರಿ ನೋಟ್‌ಬುಕ್ ಮೊದಲಿಂದ ಬರೆದೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಹೆಸರು, ವಯಸ್ಸು, ಜೊತೆಗೆ ಯಾರಿದ್ದಾರೆ, ಯಾರು ಸಿಕ್ಕಿಲ್ಲ. ಬಸುರಿಯರು, ಐದು ವರ್ಷದೊಳಗಿನ ಮಕ್ಕಳು, ದಿನವೂ ಮಾತ್ರೆ ಬೇಕಾದವರು, ನಡೆಯಲಾಗದವರು, ಇವರಿಗೆಲ್ಲ ಬೇರೆ ಬೇರೆ ಗುರುತು. ಟೋಕನ್ ಅನ್ನು ಯಜಮಾನನಿಗೆ ಕೊಡುವುದು ಬಿಟ್ಟು, ಅಡುಗೆ ಮಾಡುವವರ ಕೈಗೆ ಕೊಟ್ಟೆ. ನಡೆಯಲಾಗದವರ ಹತ್ತಿರ ಸಾಮಾನೇ ಹೋಗಬೇಕು, ಅವರು ಸಾಲಿಗೆ ಬರುವಂತಿಲ್ಲ. ಅಲ್ಲಿಂದ ಈಚೆಗೆ ಯಾವ ಶಿಬಿರಕ್ಕೆ ಹೋದರೂ ನನ್ನ ಕೆಲಸ ಇದೇ.

ಈ ಕೆಲಸದ ಬೇರು ಎಲ್ಲಿದೆ ಅಂತ ಓದಿದ್ದು ಆಮೇಲೆ. 1859ರ ಜೂನ್ 24ರಂದು ಇಟಲಿಯ ಸೊಲ್ಫೆರಿನೊದಲ್ಲಿ ದೊಡ್ಡ ಯುದ್ಧ ನಡೆಯಿತು. ಪಕ್ಕದ ಕಾಸ್ಟಿಲಿಯೋನೆ ಊರಿನ ಚರ್ಚುಗಳು, ಮನೆಗಳು, ಬೀದಿಗಳು ಗಾಯಾಳುಗಳಿಂದ ತುಂಬಿದವು. ಜಿನೀವಾದ ಹೆನ್ರಿ ಡ್ಯುನಾಂಟ್ ಅಲ್ಲಿಗೆ ಬಂದಿದ್ದು ವ್ಯಾಪಾರದ ಕೆಲಸಕ್ಕೆ, ಫ್ರಾನ್ಸಿನ ಮೂರನೇ ನೆಪೋಲಿಯನ್ ಚಕ್ರವರ್ತಿಯನ್ನು ಕಾಣಲು. ಅವರು ಡಾಕ್ಟರಲ್ಲ. ಊರಿನ ಹೆಂಗಸರನ್ನು ಸೇರಿಸಿಕೊಂಡು ನೀರು ಕುಡಿಸಿದರು, ಗಾಯ ತೊಳೆದರು, ಪಟ್ಟಿ ಕಟ್ಟಿದರು. ಯಾವ ಕಡೆಯ ಸೈನಿಕ ಅಂತ ನೋಡಲಿಲ್ಲ. "ತುತ್ತಿ ಫ್ರಾತೆಲ್ಲಿ" ಅನ್ನುತ್ತಿದ್ದರಂತೆ ಆ ಹೆಂಗಸರು. ಎಲ್ಲರೂ ಅಣ್ಣತಮ್ಮಂದಿರು ಅಂತ ಅರ್ಥ. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಸಾಯುತ್ತಿದ್ದವರ ಪಕ್ಕ ಕೂತು ಅವರ ಕೊನೆಯ ಮಾತು ಕೇಳಿ, ಮನೆಯವರಿಗೆ ಕಾಗದ ಬರೆಯುವ ಕೆಲಸವನ್ನೂ ಡ್ಯುನಾಂಟ್ ಮಾಡಿದರು. ನೀರಿನ ಜೊತೆಗೇ ಹೆಸರು ಬರೆಯುವ ಕೆಲಸವೂ ಶುರುವಾಗಿತ್ತು, ಅಲ್ವಾ?

1862ರಲ್ಲಿ ಅವರು ಇದನ್ನೆಲ್ಲ ಪುಸ್ತಕವಾಗಿ ಬರೆದು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಯುದ್ಧ ಶುರುವಾದ ಮೇಲೆ ಓಡಾಡಿದರೆ ಆಗುವುದಿಲ್ಲ, ಶಾಂತಿ ಇರುವಾಗಲೇ ಸ್ವಯಂಸೇವಕರನ್ನು ತಯಾರು ಮಾಡಬೇಕು ಅನ್ನುವುದು ಅದರಲ್ಲಿದ್ದ ಒಂದು ಸಲಹೆ. 1863ರಲ್ಲಿ ಜಿನೀವಾದಲ್ಲಿ ಐದು ಜನರ ಸಮಿತಿ ಆಯಿತು. ಅದೇ ಮುಂದೆ ರೆಡ್ ಕ್ರಾಸ್ ಅಂತರರಾಷ್ಟ್ರೀಯ ಸಮಿತಿ. ಮರುವರ್ಷ 12 ದೇಶಗಳು ಗಾಯಗೊಂಡ ಸೈನಿಕರನ್ನು ಕಾಪಾಡುವ ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದವು.

ಮೊದಲ ಮಹಾಯುದ್ಧದಲ್ಲಿ ಇದೇ ಸಮಿತಿ ಯುದ್ಧಕೈದಿಗಳಿಗಾಗಿ ಒಂದು ವಿಭಾಗ ತೆರೆಯಿತು. ಸೈನ್ಯಗಳಿಂದ ಬಂದ ಕೈದಿಗಳ ಪಟ್ಟಿ ಒಂದು ಕಡೆ, "ನನ್ನ ಮಗ ಎಲ್ಲಿ" ಅಂತ ಮನೆಗಳಿಂದ ಬಂದ ಕಾಗದ ಇನ್ನೊಂದು ಕಡೆ. ಸ್ವಯಂಸೇವಕರು ಎರಡಕ್ಕೂ ಕಾರ್ಡು ಬರೆದು, ಅಕ್ಷರದ ಕ್ರಮದಲ್ಲಿ ಜೋಡಿಸಿ, ಒಂದಕ್ಕೊಂದು ತಾಳೆ ನೋಡುತ್ತಿದ್ದರು. ಒಟ್ಟು ಸುಮಾರು 70 ಲಕ್ಷ ಕಾರ್ಡು. ಕಂಪ್ಯೂಟರ್ ಇಲ್ಲ, ಎಲ್ಲಾ ಕೈಬರಹ ಮತ್ತು ಟೈಪ್‌ರೈಟರ್. ನನ್ನ ಸಣ್ಣ ಪಟ್ಟಿಯಲ್ಲೇ ಒಂದೇ ಹೆಸರಿನ ಐದು ಜನ ಸಿಕ್ಕಾಗ ತಲೆ ಕೆಟ್ಟಿತ್ತು. ಆ ಕೋಣೆಗಳಲ್ಲಿ ಕೂತವರ ತಾಳ್ಮೆ ನೆನೆದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಹಾಗಾಗಿ ಈಗ ದಾಖಲೆಯ ಹೆಸರಿನ ಜೊತೆ ಮನೆಯಲ್ಲಿ ಕರೆಯುವ ಹೆಸರನ್ನೂ ಕೇಳುತ್ತೇನೆ. ತಂದೆ ತಾಯಿ ಇಬ್ಬರ ಹೆಸರನ್ನೂ ಬರೆಯುತ್ತೇನೆ. ಏಳು ವರ್ಷದ ಒಬ್ಬ ಹುಡುಗನನ್ನು ಅವನ ಅಜ್ಜಿಗೆ ತಲುಪಿಸಿದ್ದು ಆ ಮನೆ ಹೆಸರೇ. ಒಂದು ವಿಷಯದಲ್ಲಿ ಮಾತ್ರ ನಾನು ತುಂಬಾ ಬಿಗಿ. ಒಂಟಿಯಾಗಿ ಸಿಕ್ಕ ಮಗುವಿನ ಹೆಸರನ್ನು ಮೈಕಿನಲ್ಲಿ ಕೂಗಬಾರದು, ಫೋಟೊ ತೆಗೆದು ಗ್ರೂಪಿಗೆ ಹಾಕಬಾರದು. ಯಾರು ಬೇಕಾದರೂ ಬಂದು "ನಮ್ಮ ಮಗು" ಅನ್ನಬಹುದು. ಬಂದವರನ್ನೇ ಮೊದಲು ಕೇಳಬೇಕು, ಮಗು ಹೇಳಿದ್ದಕ್ಕೆ ತಾಳೆಯಾಗಬೇಕು, ಆಮೇಲೆ ಮಕ್ಕಳ ರಕ್ಷಣೆಯ ಅಧಿಕಾರಿಗಳ ಮೂಲಕವೇ ಒಪ್ಪಿಸಬೇಕು.

ನೀರಿನ ಲೆಕ್ಕವೂ ಪಟ್ಟಿಯಿಂದಲೇ ಬರುತ್ತದೆ. 1994ರಲ್ಲಿ ಆಫ್ರಿಕಾದ ರುವಾಂಡಾದಿಂದ ಓಡಿ, ಗಡಿಯಾಚೆ ಈಗಿನ ಕಾಂಗೋದಲ್ಲಿರುವ ಗೋಮಾ ಊರು ಸೇರಿದ ನಿರಾಶ್ರಿತರಲ್ಲಿ ಕಾಲರಾ, ಭೇದಿಗೆ ಹತ್ತಾರು ಸಾವಿರ ಜನ ಸತ್ತರು. ಅದಾದ ಮೇಲೆ, 1997ರಲ್ಲಿ, ಪರಿಹಾರ ಸಂಸ್ಥೆಗಳು ಸೇರಿ ಸ್ಫಿಯರ್ ಎಂಬ ಅಳತೆಗಳನ್ನು ರೂಪಿಸಲು ಶುರು ಮಾಡಿದವು. ಒಬ್ಬರಿಗೆ ದಿನಕ್ಕೆ ಕಡಿಮೆ ಅಂದರೆ 15 ಲೀಟರ್ ನೀರು, ಒಂದು ನಲ್ಲಿಗೆ ಹೆಚ್ಚೆಂದರೆ 250 ಜನ, 20 ಜನಕ್ಕೆ ಒಂದು ಶೌಚಾಲಯ. ನಮ್ಮ ಶಿಬಿರದಲ್ಲಿ 640 ಜನ ಇದ್ದರು. ಅಂದರೆ ದಿನಕ್ಕೆ 9,600 ಲೀಟರ್ ನೀರು, ಮೂರು ನಲ್ಲಿ, 32 ಶೌಚಾಲಯ. ಇದ್ದ ಶೌಚಾಲಯ ಆರು. ಸುಮ್ನೆ "ಜಾಸ್ತಿ ಬೇಕು" ಅಂದಾಗ ಯಾರೂ ಕಿವಿಗೊಡಲಿಲ್ಲ. ಪಟ್ಟಿ ಮುಂದಿಟ್ಟು 26 ಕಮ್ಮಿ ಇದೆ ಅಂದಾಗ ಎರಡೇ ದಿನದಲ್ಲಿ ತಾತ್ಕಾಲಿಕ ಶೌಚಾಲಯ ಬಂದವು.

ಪಟ್ಟಿಯ ಮೇಲೆ ಒತ್ತಡವೂ ಬರುತ್ತದೆ. "ನಮ್ಮವರದ್ದು ಮೊದಲು ಹಾಕಿ" ಅಂತ ಒಬ್ಬರು ಪಕ್ಕದಲ್ಲೇ ನಿಂತುಬಿಟ್ಟರು. ಆಗ ನನಗೆ ನೆನಪಾಗಿದ್ದು ಎಗ್ಲಾಂಟೈನ್ ಜೆಬ್. 1919ರಲ್ಲಿ ಲಂಡನ್ನಿನಲ್ಲಿ, ನಿನ್ನೆಯವರೆಗೂ ಶತ್ರುಗಳಾಗಿದ್ದ ದೇಶಗಳ ಹಸಿದ ಮಕ್ಕಳಿಗಾಗಿ ಕರಪತ್ರ ಹಂಚಿ ದಂಡ ಹಾಕಿಸಿಕೊಂಡವರು. ಅದೇ ವರ್ಷ ಮಕ್ಕಳಿಗಾಗಿ ಸೇವ್ ದಿ ಚಿಲ್ಡ್ರನ್ ಸಂಸ್ಥೆ ಕಟ್ಟಿದರು. ನಾನು ಹೇಳಿದ್ದು ಇಷ್ಟೇ: "ಯಾರಿಗೆ ಕಷ್ಟ ಜಾಸ್ತಿಯೋ ಅವರು ಮೊದಲು, ಸಾರ್." ಅವರು ಸಿಟ್ಟಿನಿಂದ ಹೋದರು. ಸಾಲು ಬದಲಾಗಲಿಲ್ಲ.

ಶಿಬಿರ ಮುಚ್ಚಿದ ದಿನ ನೋಟ್‌ಬುಕ್ ಅನ್ನು ಹಿರಿಯರ ಕೈಗೆ ಕೊಟ್ಟೆ. ಅದನ್ನು ಮನೆಗೆ ಒಯ್ಯುವಂತಿಲ್ಲ, ಜನರ ಗುಟ್ಟು ಅದರಲ್ಲಿದೆ. ಕೊಡುವ ಮುಂಚೆ ಕೊನೆಯ ಪುಟ ತೆಗೆದು ಅವರಿಗೆ ತೋರಿಸಿದೆ. ಸಿಕ್ಕಿಲ್ಲದವರ ಹೆಸರುಗಳು ಅಲ್ಲಿದ್ದವು. ನನ್ನ ಹೆಸರು ಬರ್ಕೊಳ್ತೀರಾ ಅಂದಿದ್ದವರ ಗಂಡನ ಹೆಸರೂ ಇತ್ತು. ಹಿರಿಯರು ಆ ಪುಟದ ಮೂಲೆ ಮಡಚಿ, "ಇದರ ಕೆಲಸ ಇನ್ನೂ ಇದೆ, ನಾಳೆ ಆಫೀಸಿಗೆ ಬಾ" ಅಂದರು.