ಶರ್ಮನ್ ಟ್ಯಾಂಕಿನ ಒಳಗೆ ಏನಿತ್ತು? ನಾನು ಹುಡುಕಿದ ಬಗೆ

ಟ್ಯಾಂಕ್ ಮಾಡೆಲ್ ಮಾಡುವವರಲ್ಲಿ ಹೆಚ್ಚಿನವರು ಟರೆಟ್ (ಗನ್ ಇರುವ, ತಿರುಗುವ ಮೇಲ್ಭಾಗ) ಕೂರಿಸಿ, ಹ್ಯಾಚ್ (ಹತ್ತಿ ಇಳಿಯುವ ಬಾಗಿಲು) ಅಂಟಿಸಿ ಮುಗಿಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನನಗೆ ಒಳಗೆ ಕೂತ ಐದು ಜನರ ಮೇಲೇ ಕಣ್ಣು. ಅವರು ಏನು ನೋಡುತ್ತಿದ್ದರು, ಕೈ ಚಾಚಿದರೆ ಏನು ಸಿಗುತ್ತಿತ್ತು, ಗುಂಡುಗಳನ್ನು ಎಲ್ಲಿ ಇಟ್ಟಿದ್ದರು? ಹಾಗಾಗಿ ಎರಡನೇ ಮಹಾಯುದ್ಧದ ಅಮೆರಿಕನ್ ಟ್ಯಾಂಕ್ ಶರ್ಮನ್‌ನ 1/35 ಅಳತೆಯ ಕಿಟ್ ಬಿಚ್ಚಿದಾಗಲೇ ಟರೆಟ್ ಎತ್ತಿ ಒಳಗೆ ನೋಡುವ ಹಾಗೆ ಮಾಡಬೇಕು ಅಂತ ನಿರ್ಧರಿಸಿದೆ. ಕಿಟ್‌ನಲ್ಲಿ ಒಳಗಿನ ಭಾಗ ಹೆಚ್ಚೇನೂ ಇರಲಿಲ್ಲ. ಮಂಗಳೂರಿನ ಬಿಜೈಯಲ್ಲಿ ಕೂತು 1945ರ ಟ್ಯಾಂಕಿನ ಒಳಗನ್ನು ಕಟ್ಟಬೇಕಿತ್ತು.

ಮೊದಲು ಮಾಡಿದ ಕೆಲಸ ಒಂದೇ: ಯಾವ ಟ್ಯಾಂಕ್, ಯಾವ ಪಡೆ, ಯಾವ ತಿಂಗಳು ಅಂತ ಗೊತ್ತು ಮಾಡಿಕೊಂಡದ್ದು. ಇದಿಲ್ಲದೆ ಹುಡುಕಲು ಹೊರಟರೆ ಸಿಕ್ಕಿದ್ದೆಲ್ಲ ಸರಿ ಅನಿಸುತ್ತದೆ. ನಾನು ಆರಿಸಿದ್ದು ಬರ್ಮಾದ ಮೇಕ್ಟಿಲಾ, 1945ರ ಫೆಬ್ರವರಿ-ಮಾರ್ಚ್. 255ನೇ ಇಂಡಿಯನ್ ಟ್ಯಾಂಕ್ ಬ್ರಿಗೇಡ್‌ನ ಶರ್ಮನ್‌ಗಳು 17ನೇ ಇಂಡಿಯನ್ ಡಿವಿಷನ್ ಜೊತೆ ಇರಾವತಿ ನದಿ ದಾಟಿ ಆ ಊರಿಗೆ ನುಗ್ಗಿದವು. ಬ್ರಿಗೇಡ್‌ನಲ್ಲಿ ಪ್ರೋಬಿನ್ಸ್ ಹಾರ್ಸ್, ರಾಯಲ್ ಡೆಕ್ಕನ್ ಹಾರ್ಸ್ ಎಂಬ ಎರಡು ರೆಜಿಮೆಂಟ್‌ಗಳೂ ಇದ್ದವು. ನಮ್ಮ ಜನ ಓಡಿಸಿದ ಟ್ಯಾಂಕ್ ಅದು. ಆದರೂ ಮಾಡೆಲ್‌ಗಳಲ್ಲಿ ನಾರ್ಮಂಡಿಯ ಶರ್ಮನ್ ನೂರು ಕಂಡರೆ ಬರ್ಮಾದ್ದು ಒಂದು ಕಾಣುವುದೂ ಕಷ್ಟ. ಅದೇ ನನ್ನನ್ನು ಹಿಡಿದು ಕೂರಿಸಿತು.

ಅವರ ಬಳಿ ಇದ್ದದ್ದು ಶರ್ಮನ್‌ನ ಎಂ4ಎ4 ಮಾದರಿ. ಬ್ರಿಟಿಷರು ಅದನ್ನು ಶರ್ಮನ್ 5 ಅನ್ನುತ್ತಿದ್ದರು. ಅಮೆರಿಕದ ಕ್ರೈಸ್ಲರ್ ಕಂಪನಿ ಡೆಟ್ರಾಯಿಟ್‌ನಲ್ಲಿ ಇಂಥವನ್ನು 7,499 ಕಟ್ಟಿತು. ಎಂಜಿನ್ ಮಾತ್ರ ವಿಚಿತ್ರ. ಐದು ಕಾರ್ ಎಂಜಿನ್‌ಗಳನ್ನು ಒಟ್ಟು ಸೇರಿಸಿ ಮೂವತ್ತು ಸಿಲಿಂಡರ್ ಮಾಡಿದ್ದರು. ಅದು ಹಿಡಿಸಲಿ ಅಂತ ಟ್ಯಾಂಕಿನ ಒಡಲನ್ನು (ಹಲ್) 11 ಇಂಚು ಉದ್ದ ಮಾಡಿದರು. ಟ್ರ್ಯಾಕ್‌ನಲ್ಲಿ, ಅಂದರೆ ಚಕ್ರಗಳ ಸುತ್ತ ಓಡುವ ಸರಪಳಿಯಲ್ಲಿ, ಉಳಿದ ಶರ್ಮನ್‌ಗಳಿಗೆ 79 ಕೊಂಡಿ ಇದ್ದರೆ ಇದಕ್ಕೆ 83. ನಾನು ಎಂಜಿನ್ ಮುಚ್ಚಿಯೇ ಇಟ್ಟೆ, ಆ ಕಡೆ ಹುಡುಕಾಟ ನಡೆಸಲಿಲ್ಲ.

ಮುಂದೆ ಅಮೆರಿಕನ್ ಸೇನೆಯ ಯುದ್ಧಕಾಲದ ಮ್ಯಾನುಯಲ್. ಎಂ4ಎ4ಗೆ ಅಂತಲೇ ಬೇರೆ ಮ್ಯಾನುಯಲ್ ಇದೆ, ಟಿಎಂ 9-754. ಸ್ಕ್ಯಾನ್ ಪ್ರತಿಗಳು ಸಿಗುತ್ತವೆ. ಯಾವ ಲಿವರ್ ಎಲ್ಲಿ, ಸೀಟಿನ ಕಾಲು ಹೇಗೆ, ಪೆಟ್ಟಿಗೆಯ ಕೊಂಡಿ ಯಾವ ಕಡೆ ಅನ್ನುವುದಕ್ಕೆಲ್ಲ ಇಂಥ ಮ್ಯಾನುಯಲ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಡ್ರೈವರ್ ಎಡಕ್ಕೆ, ಅವನ ಜೊತೆಗಾರ ಬಲಕ್ಕೆ, ನಡುವೆ ದೊಡ್ಡ ಗೇರ್ ಪೆಟ್ಟಿಗೆ. ಟರೆಟ್‌ನಲ್ಲಿ ಗನ್ನರ್ ಬಲಕ್ಕೆ, ಕಮಾಂಡರ್ ಅವನ ಹಿಂದೆ, ಗನ್ನಿಗೆ ಗುಂಡು ತುಂಬುವ ಲೋಡರ್ ಎಡಕ್ಕೆ. ಟರೆಟ್ ಕೂರುವ ರಿಂಗ್‌ನ ಅಡ್ಡಳತೆ 69 ಇಂಚು. 35ರಿಂದ ಭಾಗಿಸಿದರೆ ಸರಿಯಾಗಿ ಐದು ಸೆಂಟಿಮೀಟರ್. ಆ ಐದು ಸೆಂಟಿಮೀಟರ್‌ನ ವೃತ್ತವನ್ನು ಕಾಗದದ ಮೇಲೆ ಬರೆದು, ಮೂರು ಜನರನ್ನು, ಗನ್ನಿನ ಹಿಂಭಾಗವನ್ನು ಅದರೊಳಗೆ ಕೂರಿಸಿ ನೋಡಿ. ಎಷ್ಟು ಇಕ್ಕಟ್ಟು ಅಂತ ಆಗಲೇ ಗೊತ್ತಾಗುತ್ತದೆ.

ಆದರೆ ಮ್ಯಾನುಯಲ್ ಹೇಳುವುದು ಕಾರ್ಖಾನೆಯಿಂದ ಹೊರಬಂದ ಅಮೆರಿಕನ್ ಟ್ಯಾಂಕಿನ ಕಥೆ. ಅದು ಬ್ರಿಟಿಷ್ ಕೈಗೆ ಬಂದು, ಮಾರ್ಪಾಡಾಗಿ, ಬರ್ಮಾ ಮುಟ್ಟುವ ಹೊತ್ತಿಗೆ ಒಳಗೆ ಏನೆಲ್ಲ ಬದಲಾಗಿತ್ತು? ಯುದ್ಧಕಾಲದ ಫೋಟೋಗಳಲ್ಲಿ ಟ್ಯಾಂಕಿನ ಒಳಗು ಕಾಣುವುದೇ ಅಪರೂಪ. ಕತ್ತಲು, ಇಕ್ಕಟ್ಟು. ಫೋಟೋಗ್ರಾಫರ್ ಹೊರಗೆ ನಿಂತೇ ಕ್ಲಿಕ್ ಮಾಡುತ್ತಿದ್ದ. ಬರ್ಮಾದ ಶರ್ಮನ್ ಫೋಟೋಗಳನ್ನು ನೋಡುತ್ತ ನೋಡುತ್ತ ನನಗೆ ಒಂದು ದಾರಿ ಕಂಡಿತು: ಒಳಗೆ ಏನಿದೆ ಅನ್ನುವುದನ್ನು ಹೊರಗಿನ ಮೈಯೇ ಹೇಳುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಡೀ ಕೆಲಸ ನಿಂತಿರುವುದೇ ಇದರ ಮೇಲೆ. ಕೆಲವು ಶರ್ಮನ್‌ಗಳ ಒಡಲಿನ ಪಕ್ಕಕ್ಕೆ ಚೌಕದ ಉಕ್ಕಿನ ಪ್ಲೇಟ್ ವೆಲ್ಡ್ ಮಾಡಿರುತ್ತಾರೆ. ಬಲಕ್ಕೆ ಎರಡು, ಎಡಕ್ಕೆ ಒಂದು. ಒಂದು ಇಂಚು ದಪ್ಪ. ಸುಮ್ನೆ ಹಾಕಿದ್ದಲ್ಲ. ಟ್ರ್ಯಾಕ್‌ನ ಮೇಲ್ಭಾಗದ ಪಕ್ಕದ ಜಾಗದಲ್ಲಿ, ಸ್ಪಾನ್ಸನ್ ಅಂತಾರಲ್ಲ, ಅಲ್ಲಿ ಗುಂಡಿನ ಪೆಟ್ಟಿಗೆಗಳಿದ್ದವು. ಶತ್ರುವಿನ ಗುಂಡು ಅಲ್ಲಿಗೆ ಬಿದ್ದರೆ ಒಳಗಿನ ಮದ್ದು ಹೊತ್ತಿಕೊಳ್ಳುತ್ತಿತ್ತು. ಹಾಗಾಗಿ ಪೆಟ್ಟಿಗೆ ಇದ್ದ ಕಡೆಗೇ ಹೊರಗಿಂದ ಪ್ಲೇಟ್ ಹೊದಿಸಿದರು. ಅಂದರೆ ಆ ಮೂರು ಪ್ಲೇಟ್‌ಗಳು ಗುಂಡಿನ ಪೆಟ್ಟಿಗೆಗಳ ನಕ್ಷೆಯೇ. ಅದೇ ಸುಧಾರಣೆಯ ಭಾಗವಾಗಿ ಒಳಗಿನ ಪೆಟ್ಟಿಗೆಗಳಿಗೂ ಕಾಲಿಂಚು ಉಕ್ಕು ಹೊದಿಸಿದರು. ಟರೆಟ್ ಬುಟ್ಟಿಯ (ಟರೆಟ್‌ನ ಕೆಳಗೆ ತೂಗಿ ಅದರ ಜೊತೆಗೇ ತಿರುಗುವ ಭಾಗ) ಸುತ್ತ ನಿಲ್ಲಿಸಿಡುತ್ತಿದ್ದ ಹನ್ನೆರಡು ಗುಂಡುಗಳನ್ನು ತೆಗೆದುಹಾಕಿದರು. ನಾನು ಆರಿಸಿಕೊಂಡ ಫೋಟೋದ ಟ್ಯಾಂಕಿನಲ್ಲಿ ಪ್ಲೇಟ್‌ಗಳು ಸ್ಪಷ್ಟವಾಗಿ ಕಾಣುತ್ತವೆ. ಹಾಗಾಗಿ ನನ್ನ ಮಾಡೆಲ್‌ನ ಬುಟ್ಟಿಯ ಸುತ್ತ ಗುಂಡು ನಿಲ್ಲಿಸಲಿಲ್ಲ. ಬುಟ್ಟಿಯ ನೆಲದಲ್ಲಿ ಎಂಟು ಗುಂಡು ಹಿಡಿಯುವ ಒಂದು ಪೆಟ್ಟಿಗೆ ಮಾತ್ರ. ಮ್ಯಾನುಯಲ್‌ನ ಚಿತ್ರವನ್ನು ಹಾಗೆಯೇ ನಕಲು ಮಾಡಿದ ಮಾಡೆಲ್‌ಗಳಲ್ಲಿ ಹೊರಗೆ ಪ್ಲೇಟ್ ಇರುತ್ತದೆ, ಒಳಗೆ ಹನ್ನೆರಡು ಗುಂಡೂ ಇರುತ್ತವೆ. ಎರಡೂ ಒಟ್ಟಿಗೆ ಇರುವುದು ಸರಿಯಲ್ಲ.

ಟರೆಟ್‌ನ ಬಲಗೆನ್ನೆಯೂ ಹಾಗೆಯೇ. ಗನ್ನರ್‌ನ ಕಂಟ್ರೋಲ್‌ಗಳಿಗೆ ಜಾಗ ಬೇಕು ಅಂತ ಒಳಗಿಂದ ಎರಕವನ್ನು ಅಲ್ಲಿ ತೆಳು ಮಾಡಿದ್ದರು. ಆಮೇಲೆ ಅದೇ ಜಾಗಕ್ಕೆ ಹೊರಗಿಂದ ದಪ್ಪ ತೇಪೆ ಹಾಕಿದರು. ಹೊರಗೆ ತೇಪೆ ಕಂಡರೆ ಒಳಗೆ ಗೋಡೆ ತಗ್ಗಿದೆ ಅಂತ ಅರ್ಥ. ನಾನು ಕಿಟ್‌ನ ಟರೆಟ್ ಗೋಡೆಯನ್ನು ಅಲ್ಲಿ ಉಜ್ಜಿ ತೆಳು ಮಾಡಿ, ನಂತರವೇ ಗನ್ನರ್‌ನ ಹ್ಯಾಂಡ್‌ವೀಲ್ ಕೂರಿಸಿದೆ. ಟರೆಟ್ ಮೇಲೆ ಎಡಗಡೆ ಒಂದು ಸಣ್ಣ ಗುಂಡಗಿನ ತೂತು ಕಂಡರೆ, ಒಳಗೆ ಲೋಡರ್‌ನ ಮುಂದೆ ಎರಡು ಇಂಚಿನ ಹೊಗೆ ಬಾಂಬ್ ಎಸೆಯುವ ಕೊಳವೆ ಇದೆ. ಲೋಡರ್‌ಗೆ ಬೇರೆ ಹ್ಯಾಚ್ ಇಲ್ಲದ ಹಳೆಯ ಟರೆಟ್ ಆದರೆ, ಅವನು ಗನ್ನಿನ ಕೆಳಗೆ ನುಸುಳಿ ಕಮಾಂಡರ್‌ನ ಹ್ಯಾಚ್‌ನಿಂದ ಹೊರಬರಬೇಕು. ಹಾಗಿದ್ದರೆ ಗನ್ನಿನ ಕೆಳಗೆ ಸಾಮಾನು ತುಂಬಿಸಿ ಇಡುತ್ತಾರಾ? ಖಂಡಿತ ಇಲ್ಲ. ನಾನು ಆ ಜಾಗವನ್ನು ಖಾಲಿ ಬಿಟ್ಟೆ.

ರೇಡಿಯೋ ವಿಷಯದಲ್ಲೂ ಹೊರಗಿನ ಸುಳಿವೇ ಸಹಾಯ ಮಾಡಿತು. ಟರೆಟ್ ಹಿಂಭಾಗದಲ್ಲಿ ಒಂದು ಉದ್ದದ ಏರಿಯಲ್, ಇನ್ನೊಂದು ಗಿಡ್ಡದ್ದು. ಎರಡು ಇದ್ದರೆ ಅದು ಬ್ರಿಟಿಷರ ನಂ. 19 ಸೆಟ್. ಉದ್ದದ್ದು ದೂರದ ಮಾತಿಗೆ, ಗಿಡ್ಡದ್ದು ಪಕ್ಕದ ಟ್ಯಾಂಕ್‌ಗಳ ಜೊತೆ ಮಾತಾಡಲು. ಒಳಗಿನವರು ತಮ್ಮೊಳಗೆ ಮಾತಾಡುವುದೂ ಅದೇ ಸೆಟ್‌ನಲ್ಲಿ. ಮ್ಯಾನುಯಲ್‌ನ ಅಮೆರಿಕನ್ ರೇಡಿಯೋ ಇಲ್ಲಿ ನಡೆಯುವುದಿಲ್ಲ. ಈ ಸೆಟ್‌ಗಳನ್ನು ಅಮೆರಿಕ, ಕೆನಡಾದಲ್ಲೂ ತಯಾರಿಸಿ ಸೋವಿಯತ್ ಸೇನೆಗೂ ಕಳಿಸುತ್ತಿದ್ದರು. ಆದ್ದರಿಂದ ಅಲ್ಲಿ ತಯಾರಾದ ಎಷ್ಟೋ ಸೆಟ್‌ಗಳ ಮುಖದ ಮೇಲೆ ಇಂಗ್ಲಿಷ್ ಜೊತೆಗೆ ರಷ್ಯನ್ ಅಕ್ಷರಗಳೂ ಇವೆ. ಮೇಕ್ಟಿಲಾದ ಟ್ಯಾಂಕಿನಲ್ಲಿ ರಷ್ಯನ್ ಅಕ್ಷರ ಅಂದರೆ ಯಾರೂ ನಂಬಲಿಕ್ಕಿಲ್ಲ. ಆದರೂ ಅದು ಆಗಬಹುದಾದ ಮಾತೇ. ಒಂಬತ್ತು ಮಿಲಿಮೀಟರ್ ಎತ್ತರವೂ ಇಲ್ಲದ ಆ ಪೆಟ್ಟಿಗೆಗೆ ಡಯಲ್, ಗುಬುಟು, ಅಕ್ಷರದ ಗೆರೆಗಳನ್ನು ಬಿಡಿಸುವುದು ಇಡೀ ಕೆಲಸದಲ್ಲೇ ನನಗೆ ಅತಿ ಇಷ್ಟವಾದ ಭಾಗ. ಕೇಬಲ್‌ಗಳಿಗೆ ಹಾಳಾದ ಇಯರ್‌ಫೋನ್‌ನ ಒಳಗಿನ ತಂತಿ ತೆಗೆದೆ. ಹಾಂಗೆ ಬಗ್ಗಿಸಿದರೆ ಹಾಂಗೇ ನಿಲ್ಲುತ್ತದೆ.

ಉಳಿದಿರುವ ಟ್ಯಾಂಕ್‌ಗಳನ್ನು ನೋಡಬಾರದಾ? ನೋಡಬೇಕು. ಆದರೆ ಏನು ಕೇಳಬೇಕು ಅಂತ ಗೊತ್ತಿರಬೇಕು. ಪುಣೆ ಕಡೆಗೆ ಹೋದವರು ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಬಿಡಬೇಡಿ. ಎರಕದ ಒರಟುತನ, ವೆಲ್ಡಿಂಗ್‌ನ ದಪ್ಪ, ಹ್ಯಾಚ್‌ನ ಅಗಲಕ್ಕೂ ಮನುಷ್ಯನ ಭುಜಕ್ಕೂ ಇರುವ ಅಂತರ, ಇವೆಲ್ಲ ನಿಜವಾದ ಉಕ್ಕಿನ ಎದುರು ನಿಂತಾಗಲೇ ತಲೆಗೆ ಹೋಗುವುದು. ಬಣ್ಣದ ವಿಷಯದಲ್ಲಿ ಮಾತ್ರ ಪ್ರಪಂಚದ ಯಾವ ಮ್ಯೂಸಿಯಂ ಟ್ಯಾಂಕನ್ನೂ ನಾನು ನಂಬುವುದಿಲ್ಲ. ಯುದ್ಧದ ನಂತರ ಎಷ್ಟೋ ಕೈ ದಾಟಿರುತ್ತವೆ, ಎಷ್ಟೋ ಸಲ ಪೈಂಟ್ ಆಗಿರುತ್ತದೆ. ಒಂದರ ಸೀಟು ಇನ್ನೊಂದಕ್ಕೆ ಹೋಗಿರುತ್ತದೆ.

ಬಣ್ಣದ ನಿಯಮ ಸರಳ. ಅಮೆರಿಕನ್ ಟ್ಯಾಂಕಿನ ಒಳಗು ಬಿಳಿ, ಕತ್ತಲಲ್ಲಿ ಇದ್ದಷ್ಟು ಬೆಳಕು ಹರಡಲಿ ಅಂತ. ಹ್ಯಾಚ್‌ನ ಒಳಮುಖ ಮಾತ್ರ ಹೊರಗಿನ ಹಸಿರು. ಬಾಗಿಲು ತೆರೆದಾಗ ಬಿಳಿ ಮಿನುಗಿ ಶತ್ರುವಿನ ಕಣ್ಣಿಗೆ ಬೀಳಬಾರದು, ಅಲ್ವಾ? ನಾನು ಅಚ್ಚ ಬಿಳಿ ಹೊಡೆಯದೆ ಒಂದು ಹನಿ ಹಳದಿ ಬೆರೆಸಿದೆ. ಅಂದ ಹಾಗೆ ನಮ್ಮ ಕಡೆ ಆಟಿ ತಿಂಗಳಲ್ಲಿ ಲ್ಯಾಕರ್ ಸ್ಪ್ರೇ ಮಾಡಲು ಹೋಗಬೇಡಿ. ಗಾಳಿಯ ತೇವಕ್ಕೆ ವಾರ್ನಿಷ್ ಮೇಲೆ ಬೂದು ಮಬ್ಬು ಕೂರುತ್ತದೆ. ಮಳೆಗಾಲ ಓದುವುದಕ್ಕೆ, ಅಳತೆ ಹಾಕುವುದಕ್ಕೆ. ಬಣ್ಣ ದೀಪಾವಳಿ ಕಳೆದ ಮೇಲೆ.

ಸವೆತ ಎಲ್ಲಿ ತೋರಿಸಬೇಕು ಅನ್ನುವುದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ. ಅದನ್ನು ಹೇಳಿಕೊಟ್ಟವರು ನಮ್ಮ ಓಣಿಯ ಒಬ್ಬ ನಿವೃತ್ತ ಸೈನಿಕರು. ವಿಜಯಂತ ಟ್ಯಾಂಕಿನಲ್ಲಿ ಲೋಡರ್ ಆಗಿದ್ದವರು. ವಿಜಯಂತ ಬೇರೆ ಕಾಲದ್ದು, ಗನ್ ದೊಡ್ಡದು. ಆದರೆ ಟರೆಟ್‌ನಲ್ಲಿ ಜನ ಕೂರುವ ಕ್ರಮ ಇದೇ, ಲೋಡರ್ ಎಡಕ್ಕೆ. “ಅಂಕಲ್, ಪೈಂಟ್ ಮೊದಲು ಎಲ್ಲಿ ಹೋಗ್ತದೆ?” ಅಂತ ಕೇಳಿದೆ. ಅವರು ನನ್ನ ಅರ್ಧ ಮುಗಿದ ಟರೆಟ್ ಕೈಯಲ್ಲಿ ತಿರುಗಿಸಿ ನೋಡಿದರು.

“ನೀನು ಗೋಡೆಯನ್ನೇ ನೋಡ್ತಿದ್ದಿ ಮಾರಾಯ. ಲೋಡರ್ ಗೋಡೆ ಮುಟ್ಟುವುದಿಲ್ಲ. ಅವನ ಬೂಟು ಎಲ್ಲಿ ಊರ್ತದೆ, ಮೊಣಕೈ ಎಲ್ಲಿ ತಾಗ್ತದೆ ಅಂತ ನೋಡು. ಹತ್ತಿ ಇಳಿಯುವಾಗ ಹಿಡಿಯುವ ಜಾಗ ಉಂಟಲ್ಲ, ಅಲ್ಲಿ ಪೈಂಟೇ ಇರುವುದಿಲ್ಲ. ಅದು ಹೊಳೀತದೆ.”

ಅವರ ಮಾತಿನ ಹಾಗೆ ಗೋಡೆಯ ಮೇಲೆ ಹಾಕಬೇಕೆಂದಿದ್ದ ಗೀರುಗಳನ್ನೆಲ್ಲ ಬಿಟ್ಟೆ. ಬುಟ್ಟಿಯ ನೆಲದಲ್ಲಿ ಲೋಡರ್ ಕಾಲೂರುವ ಜಾಗ, ಗುಂಡಿನ ಪೆಟ್ಟಿಗೆಯ ಅಂಚು, ಕಮಾಂಡರ್‌ನ ಹ್ಯಾಚ್ ರಿಂಗ್, ಇಷ್ಟಕ್ಕೆ ಮಾತ್ರ ಪೆನ್ಸಿಲ್ ಪುಡಿ ಬೆರಳಲ್ಲಿ ತಿಕ್ಕಿದೆ. ಧೂಳಿಗೆ ನಮ್ಮ ಮುರಕಲ್ಲಿನ ಕೆಂಪು ಬಳಸಲಿಲ್ಲ. ಮೇಕ್ಟಿಲಾ ಇರುವುದು ಬರ್ಮಾದ ನಡುವಿನ ಒಣ ಬಯಲಿನಲ್ಲಿ. ಅಲ್ಲಿಗೆ ತಿಳಿ ಕಂದು ಸಾಕು.

ಕೊನೆಗೆ ಉಳಿದದ್ದು ಗುಂಡುಗಳು. 75 ಮಿಲಿಮೀಟರ್ ಗುಂಡು ತಾಮ್ರದ ಬಣ್ಣದ್ದಲ್ಲ, ಹಿತ್ತಾಳೆಯ ಕೇಸ್. ಉದ್ದದ ಗುಂಡು ಸುಮಾರು 66 ಸೆಂಟಿಮೀಟರ್, ನಮ್ಮ ಅಳತೆಯಲ್ಲಿ 19 ಮಿಲಿಮೀಟರ್ ಆಗುತ್ತದೆ. ಸ್ಫೋಟಿಸುವ ಗುಂಡಿನ ತಲೆ ಹಸಿರು, ಅಕ್ಷರ ಹಳದಿ. ಉಕ್ಕು ತೂರುವ ಗುಂಡಿನ ತಲೆ ಕಪ್ಪು, ಅಕ್ಷರ ಬಿಳಿ. ಹೊಗೆ ಗುಂಡು ಬೂದು. ಯಾವುದು ಎಷ್ಟು? ಯುರೋಪಿನ ಟ್ಯಾಂಕ್ ಆಗಿದ್ದರೆ ಲೆಕ್ಕ ಬೇರೆ. ಬರ್ಮಾದಲ್ಲಿ ಎದುರಿಗೆ ಟ್ಯಾಂಕ್‌ಗಿಂತ ಬಂಕರ್‌ಗಳೇ ಜಾಸ್ತಿ. ಮೊದಲು ಸ್ಫೋಟಿಸುವ ಗುಂಡು ಹೊಡೆದು ಬಂಕರ್‌ನ ಮುಂದಿನ ಗಿಡ, ಮಣ್ಣು ಕಿತ್ತುಹಾಕುತ್ತಿದ್ದರು. ಕಾಲಾಳುಗಳು ಹತ್ತಿರ ಹೋದ ಮೇಲೆ ಸ್ಫೋಟಿಸದ ಕಪ್ಪು ತಲೆಯ ಗುಂಡಿಗೆ ಬದಲಾಗುತ್ತಿದ್ದರು, ನಮ್ಮವರಿಗೇ ಚೂರು ತಾಗಬಾರದು ಅಂತ. ಹಾಗಾಗಿ ಕಪ್ಪು ತಲೆಯವೂ ಕೈಗೆ ಸಿಗುವ ಹಾಗೆ ಇರಲೇಬೇಕು. ಬುಟ್ಟಿಯ ನೆಲದ ಎಂಟರಲ್ಲಿ ಐದಕ್ಕೆ ಹಸಿರು, ಮೂರಕ್ಕೆ ಕಪ್ಪು ಬಳಿದೆ. ಪಕ್ಕದ ಪೆಟ್ಟಿಗೆಗಳಲ್ಲಿ ಹಸಿರೇ ಹೆಚ್ಚು.